ಬಾಯಿಬಾಣಂತನ

ಕರುಂಬಾದಲ್ಲಿ ಕಡಲು ದಿನಕ್ಕೊಮ್ಮೆ ಉಬ್ಬುತ್ತದೆ,
ಒಮ್ಮೆ ಇಳಿಯುತ್ತದೆ. ಮಲ್ಪೆಯಲ್ಲಿ ಎರಡು ಸಲ.
ಬಂದ ಹೊಸತರಲ್ಲಿ ನನ್ನನ್ನು ಕಾಡಿದ್ದು ಇದೊಂದೇ:
ಅರ್ಧ ದಿನ ಕಾದರೂ ನೀರು ತಿರುಗಿ ಬಾರದ ಊರು.

ನಾರ್ಮನ್ ನದಿ ಕೊಲ್ಲಿಗೆ ಸೇರುವಲ್ಲಿ ನೀರಿಗೆ
ಹಾಲು ಹೆಚ್ಚಾದ ಚಹಾದ ಬಣ್ಣ.
ಕಾಂಡ್ಲಾ ಬೇರುಗಳ ನಡುವೆ, ಕಣ್ಣಿದ್ದೂ ಉಪಯೋಗವಿಲ್ಲದ ಕಡೆ
ಆರು ಮೀಸೆಗಳಿಂದ ಕೆಸರು ತಡವುತ್ತ ಬರುತ್ತದೆ ಇದು.
ಸೀಗಡಿ, ಏಡಿಮರಿ, ಹುಳ, ಸತ್ತ ಮೀನಿನ ಕಣ್ಣು,
ಕಟ್ಟೆಯಿಂದ ಯಾರೋ ಎಸೆದ ಅರ್ಧ ಸಾಸೇಜು,
ಮುಟ್ಟಿದ್ದೇ ರುಚಿ.

ಇಲ್ಲಿಯವರು ಕ್ಯಾಟ್‌ಫಿಶ್ ಅನ್ನುತ್ತಾರೆ,
ಅಂದು, ಪಕ್ಕಕ್ಕೆ ಉಗುಳುತ್ತಾರೆ.
ಅಮ್ಮನ ಬುಟ್ಟಿಯಲ್ಲಿ ಇದರ ದಾಯಾದಿಗೆ ತೇಡೆ ಎಂದು ಹೆಸರು,
ಬಂಗುಡೆ ಖಾಲಿಯಾದ ಮೇಲೆ ಬಂದವರಿಗೆ.
ಬೆನ್ನಿನದೊಂದು, ಪಕ್ಕದವೆರಡು, ಗರಗಸದ ಹಲ್ಲು, ವಿಷದ ಲೋಳೆ:
ಮುಳ್ಳು ಮುರಿದು ಕೊಡುವಾಗ ಆದ ಗಾಯ
ಅವಳ ಹೆಬ್ಬೆರಳ ಬುಡದಲ್ಲಿ ಈಗಲೂ ಇದೆ.
ನನಗೂ ಒಂದಿದೆ, ಸರ್ಕಾರಿ ಕೈಗವಸಿನೊಳಗೇ ನುಗ್ಗಿ ಬಂದದ್ದು.

ನನ್ನ ಕೆಲಸ ಕಿವಿಗಲ್ಲು.
ಬುರುಡೆ ಸೀಳಿ, ಹುಣಿಸೆಬೀಜದಂಥ ಬಿಳಿಕಲ್ಲು ತೆಗೆದು
ತೆಳ್ಳಗೆ ಕೊಯ್ದು ದೀಪದ ಮೇಲಿಟ್ಟರೆ
ಒಳಗೆ ಉಂಗುರದೊಳಗೆ ಉಂಗುರ; ಎಣಿಸಿದರೆ ವಯಸ್ಸು.
ಒಮ್ಮೆ ಹದಿನಾಲ್ಕರದೊಂದು ಸಿಕ್ಕಿತ್ತು.
ಅದರ ಒಂಬತ್ತನೆಯ ಉಂಗುರ ಕೂದಲೆಳೆಯಷ್ಟು.
ಆ ವರ್ಷ ನಿನಗೇನಾಯಿತು ಎಂದು
ಕಲ್ಲನ್ನು ಕೇಳುವುದು ಹೇಗೆ?

ನವೆಂಬರ್. ಮಳೆ ಬಾರದೆ ಆಕಾಶ ಬೆವರುತ್ತಿತ್ತು.
ಪೆಂಗೆಲ್ಲಿ ಬಲೆ ಎಳೆದ.
ಗಂಡು. ಮೊಳದುದ್ದ. ಮಂಗನಬಾವು ಬಂದ ಹುಡುಗನ ಹಾಗೆ
ಗಂಟಲು ಊದಿತ್ತು, ಹೊಟ್ಟೆ ಮಾತ್ರ ಬೆನ್ನಿಗಂಟಿತ್ತು.
ಬಾಯಿ ಬಿಡದೆಯೇ ಗೊರಗುಟ್ಟಿತು,
ಮುಳ್ಳಿನ ಬುಡವನ್ನು ಮೂಳೆಗೆ ಉಜ್ಜಿ.
ಆಮೇಲೆ ಹಲಗೆಗೆ ಬಿತ್ತು, ಬಾಯಿ ಬಿಟ್ಟಿತು:

ಉರುಳಿದವು ಗೋಲಿಗಳು.
ಹಳದಿ, ಒಳಗಿಂದ ನೋಡುವ ಕರಿಕಣ್ಣಿನವು,
ಕೆಲವಕ್ಕೆ ಆಗಲೇ ಬಾಲ, ಹೊಟ್ಟೆಗೆ ಕಟ್ಟಿಕೊಂಡ ಬುತ್ತಿ,
ಐಸ್ ಪೆಟ್ಟಿಗೆಯಡಿಗೆ, ಹಗ್ಗದ ಸುರುಳಿಯೊಳಕ್ಕೆ,
ಪೆಂಗೆಲ್ಲಿಯ ಬೂಟಿನ ತನಕ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಇವನು ಎರಡನ್ನೂ ಒಂದೇ ಬಾಯಲ್ಲಿ ತಡೆದಿದ್ದ,
ಹೆಣ್ಣು ಇಟ್ಟು ಹೋದಂದಿನಿಂದ, ವಾರಗಟ್ಟಲೆ.
ಮೀಸೆಗೆ ಸೀಗಡಿ ತಾಗಿದರೂ ಕಂಡೂ ಕಾಣದವನಂತೆ.
ಬಸುರಿಗೆ ಬಯಕೆಯಾದರೂ ಉಂಟು,
ಇವನಿಗೆ ಉಗುಳು ನುಂಗುವುದಕ್ಕೂ ಹೆದರಿಕೆ.

ಸೀಗಡಿ ಟ್ರಾಲರಿನಲ್ಲಿ ಮೂವತ್ತು ವರ್ಷ ಮೀನು ಕೊಂದವನು,
ನೂರಹತ್ತು ಕಿಲೋದ ಪೆಂಗೆಲ್ಲಿ,
ಮಂಡಿಯೂರಿ ಹೆಕ್ಕತೊಡಗಿದ.
ಹಲ್ಲು ಉದುರಿದ ಬಾಚಣಿಗೆಯಿಂದ ಹಗ್ಗದ ಸಂದಿ ಕೆದಕಿ,
ನನ್ನತ್ತ ನೋಡದೆ. ಮೂವತ್ತೊಂದು.
ಬಕೆಟ್ಟಿನಲ್ಲಿ ಅವನನ್ನೂ ಅವನ ಮಕ್ಕಳನ್ನೂ ಒಟ್ಟಿಗೆ ಬಿಟ್ಟೆವು.
ಎತ್ತಿಕೊಳ್ಳುತ್ತಾನೆಂದು ಕಾದೆವು.
ಎತ್ತಿಕೊಳ್ಳಲಿಲ್ಲ. ಮೂಲೆಗೆ ಮುಖ ಹಾಕಿ
ಖಾಲಿ ಬಾಯಿ ತೆರೆದು, ಮುಚ್ಚಿ, ತೆರೆದು.

ಕೋಷ್ಟಕದಲ್ಲಿ ಅವನು ಇನ್ನೂರಹನ್ನೆರಡನೆಯವನು.
ಕಲ್ಲು: ಕಂಬಿ ಎಳೆದೆ.
ಷರಾ: ‘ಬಿಟ್ಟಿದೆ’ ಎಂದು ಬರೆದೆ.
ಯಾರು, ಯಾರನ್ನು, ಎಂದು ಬರೆಯಲು ಜಾಗವಿರಲಿಲ್ಲ.
ಬಕೆಟ್ ಬಗ್ಗಿಸಿದಾಗ ದೋಣಿಯಡಿಯಿಂದ
ಸಣ್ಣ ಬೆಳ್ಳಿಮೀನುಗಳು ನುಗ್ಗಿ ಬಂದವು.
ಆಮೇಲೆ ನೋಡಲಿಲ್ಲ.

ರಾತ್ರಿ ಅಮ್ಮನಿಗೆ ಫೋನು ಮಾಡಿ ಕೇಳಿದೆ:
ತೇಡೆಯ ಗಂಡು ಮಕ್ಕಳನ್ನು ಬಾಯಲ್ಲಿ ಸಾಕುತ್ತದೆ, ಗೊತ್ತಿತ್ತಾ?

‘ಗೊತ್ತಿಲ್ಲದೆ ಎಂತ?
ಆ ಮೊಟ್ಟೆಯ ಗಸಿ ಮಾಡಿದರೆ
ಬಾಯಲ್ಲಿ ನೀರು ಬರ್ತದೆ ಮಾರಾಯ್ತಿ.’

ಬೆಳಿಗ್ಗೆ ಹಗ್ಗ ಬಿಚ್ಚುವಾಗ ಮೂವತ್ತೆರಡನೆಯದು ಸಿಕ್ಕಿತು,
ಒಣಗಿ, ಮೆಂತ್ಯದ ಕಾಳಿನಷ್ಟಾಗಿ.
ನೀರು ಇನ್ನೂ ಇಳಿಯುತ್ತಲೇ ಇತ್ತು.